ಸಾಲಿಡ್ ಆಕ್ಸಲ್ ಕೂರಿಸುವಾಗ ಕ್ಯಾಸ್ಟರ್ ಮತ್ತು ಪಿನಿಯನ್: ಹಳೆ ಟೊಯೋಟಾ ಪಿಕಪ್‌ನ ಟಿಪ್ಪಣಿ

ಅಮೆರಿಕದಲ್ಲಿ ಮಾರಾಟವಾದ ಟೊಯೋಟಾದ ಚಿಕ್ಕ ಫೋರ್ ವೀಲ್ ಡ್ರೈವ್ ಪಿಕಪ್‌ಗೆ 1985ರವರೆಗೆ ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರ ಒಂದೇ ಗಟ್ಟಿ ಅಚ್ಚಿಗೆ ಕೂತಿರುವುದು), ಲೀಫ್ ಸ್ಪ್ರಿಂಗ್ ಇತ್ತು. ಬೇರೆ ದೇಶಗಳಲ್ಲಿ ಇದೇ ಗಾಡಿ ಹೈಲಕ್ಸ್. 1986ರಲ್ಲಿ ಟಾರ್ಷನ್ ಬಾರ್ ಇರುವ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಪ್ರತಿ ಚಕ್ರವೂ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುವುದು) ಬಂತು. ರಸ್ತೆಗೆ ಅದು ಹಿತ. ಬಂಡೆ ಹತ್ತಿಸುವವರಿಗೆ ಮಾತ್ರ ಚಕ್ರ ಮೇಲೆ ಕೆಳಗೆ ಹೋಗುವ ಅಳತೆ ಸಾಲದು, ಗಾಡಿ ಎತ್ತರಿಸಿದರೆ ಚಕ್ರ ತಿರುಗಿಸುವ ಶಾಫ್ಟ್‌ನ ಬಾಗುವ ಕೀಲಾದ ಸಿವಿ ಜಾಯಿಂಟ್ ಮೇಲೆ ಒತ್ತಡ. ಅದಕ್ಕೇ 1986ರಿಂದ 95ರವರೆಗಿನ ಗಾಡಿಗೆ ಹಳೆಯ ಸಾಲಿಡ್ ಆಕ್ಸಲ್ ಹಾಕುತ್ತಾರೆ. ಎರಡರಲ್ಲೂ ಮುಂದಿನ ಡಿಫ್ (ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರುಗಳ ಡಿಫರೆನ್ಷಿಯಲ್) ಬಲಗಡೆಗೇ ಇದೆ, ಹಾಗಾಗಿ ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಕೇಸ್ ಮುಟ್ಟಬೇಕಿಲ್ಲ.

ಹಳೆ ಬ್ರಾಕೆಟ್ ಕತ್ತರಿಸುವುದು, ಸ್ಪ್ರಿಂಗ್ ಹ್ಯಾಂಗರ್ ವೆಲ್ಡ್ ಮಾಡುವುದು ಕೈಕೆಲಸ. ತಲೆ ಕೆಡುವುದು ಆಕ್ಸಲ್ ಎಷ್ಟು ಓರೆಯಾಗಿ ಕೂರಬೇಕು ಅನ್ನುವಲ್ಲಿ.

ಒಂದು ತಿರುವು, ಎರಡು ಕೋನ

ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಅಕ್ಷ ನೇರ ನಿಂತಿರುವುದಿಲ್ಲ. ಅದರ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ, ಸೈಕಲ್ಲಿನ ಮುಂದಿನ ಫೋರ್ಕ್ ಥರ. ಈ ವಾಲುವಿಕೆಯೇ ಕ್ಯಾಸ್ಟರ್. ಇದು ಇದ್ದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರಕ್ಕೆ ಬರುತ್ತದೆ. ಮೈನಸ್‌ಗೆ ಹೋದರೆ ಹೈವೇಯಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ.

ಪಿನಿಯನ್ ಕೋನ ಬೇರೆ. ಪಿನಿಯನ್ ಅಂದರೆ ಶಾಫ್ಟ್‌ನಿಂದ ಬಂದ ಶಕ್ತಿಯನ್ನು ಡಿಫ್‌ನ ದೊಡ್ಡ ರಿಂಗ್ ಗೇರ್‌ಗೆ ಕೊಡುವ ಚಿಕ್ಕ ಗೇರ್. ಮುಂದಿನ ಡಿಫ್‌ನ ಪಿನಿಯನ್ ಹಿಂದಕ್ಕೆ, ಟ್ರಾನ್ಸ್‌ಫರ್ ಕೇಸ್ ಕಡೆಗೆ ಮುಖ ಮಾಡಿರುತ್ತದೆ. ಗಾಡಿ ಎತ್ತರಿಸಿದಾಗ ಟ್ರಾನ್ಸ್‌ಫರ್ ಕೇಸ್ ಮೇಲೆ ಹೋಯಿತು, ಪಿನಿಯನ್ ಕೆಳಗೇ ಉಳಿಯಿತು. ಈ ಗಾಡಿಯ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ಗೆ ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಜೋಡಿ ಜಾಯಿಂಟ್ ಇದೆ. ಹಾಗಾಗಿ ಪಿನಿಯನ್ ಶಾಫ್ಟ್‌ನ ನೇರಕ್ಕೇ ಮೂತಿ ಎತ್ತಿದರೆ ಒಳ್ಳೆಯದು.

ಈಗ ಇದನ್ನು ನಿಧಾನವಾಗಿ ಓದಿ. ಪಿನಿಯನ್ ಇರುವುದು ಹೌಸಿಂಗ್‌ನ, ಅಂದರೆ ಆಕ್ಸಲ್‌ನ ಹೊರಕವಚದ, ಹಿಂಬದಿಯಲ್ಲಿ. ಹಿಂಬದಿ ಮೇಲೆದ್ದರೆ ಹೌಸಿಂಗ್‌ನ ಮೇಲ್ಭಾಗ ಮುಂದಕ್ಕೆ ಉರುಳುತ್ತದೆ. ಚಕ್ರವನ್ನು ಹಿಡಿದು ಎಡಬಲಕ್ಕೆ ತಿರುಗುವ ಭಾಗವಾದ ನಕಲ್ (knuckle) ಕೂತಿರುವುದು ಅದೇ ಹೌಸಿಂಗ್‌ನ ತುದಿಗಳಲ್ಲಿ. ಹೌಸಿಂಗ್ ಉರುಳಿದಷ್ಟೂ ತಿರುಗುವ ಅಕ್ಷದ ಮೇಲ್ತುದಿ ಮುಂದಕ್ಕೆ ಬರುತ್ತದೆ. ಅಂದರೆ ಪಿನಿಯನ್ ಎಷ್ಟು ಡಿಗ್ರಿ ಎತ್ತುತ್ತೀರೋ ಕ್ಯಾಸ್ಟರ್ ಅಷ್ಟೇ ಡಿಗ್ರಿ ಕಳೆದುಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಟ್ರಾನ್ಸ್‌ಫರ್ ಕೇಸ್ ತುದಿ ಪಿನಿಯನ್‌ಗಿಂತ 250 ಮಿ.ಮೀ. ಮೇಲಿದೆ, ಎರಡರ ನಡುವೆ ನೆಲಕ್ಕೆ ಸಮವಾಗಿ ಅಳೆದ ದೂರ 900 ಮಿ.ಮೀ. ಅಂದುಕೊಳ್ಳಿ. ಶಾಫ್ಟ್‌ನ ಓರೆ ಸುಮಾರು 15 ಡಿಗ್ರಿ. ಪಿನಿಯನ್ ಈಗ 5 ಡಿಗ್ರಿ ಎದ್ದಿದೆ, ಕ್ಯಾಸ್ಟರ್ 3 ಇದೆ. ಪಿನಿಯನ್ 15ಕ್ಕೆ ಬರಬೇಕಾದರೆ ಆಕ್ಸಲ್ 10 ಡಿಗ್ರಿ ಉರುಳಬೇಕು. ಕ್ಯಾಸ್ಟರ್ 3ರಿಂದ ಮೈನಸ್ 7ಕ್ಕೆ ಇಳಿಯಿತು! ಅದು ಓಡಿಸುವ ಗಾಡಿಯಲ್ಲ.

ಸ್ಪ್ರಿಂಗ್ ಕೆಳಗೆ ಓರೆ ಶಿಮ್ (ಬೆಣೆಯಂಥ ತಗಡು) ಇಟ್ಟರೆ ಆಗಲ್ವಾ? ಆಗಲ್ಲ. ಶಿಮ್ ಇಡೀ ಆಕ್ಸಲನ್ನೇ ಉರುಳಿಸುತ್ತದೆ, ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಎರಡೂ ಸರಿಬರಬೇಕಾದರೆ ಹೌಸಿಂಗ್ ತುದಿಯ ಗೋಳಾಕಾರದ ಭಾಗದ ವೆಲ್ಡ್ ಕತ್ತರಿಸಿ, ಅದನ್ನಷ್ಟೇ ಹಿಂದಕ್ಕೆ ತಿರುಗಿಸಿ ಮತ್ತೆ ವೆಲ್ಡ್ ಮಾಡಬೇಕು. ಮೇಲಿನ ಲೆಕ್ಕದಲ್ಲಿ ಪ್ಲಸ್ 4 ಬೇಕಿದ್ದರೆ 11 ಡಿಗ್ರಿ ತಿರುಗಿಸಬೇಕು. ಎರಡು ಬದಿಯೂ ಒಂದೇ ಅಳತೆ. ಈ ವೆಲ್ಡಿಂಗ್ ಮೇಲೆ ಜೀವ ನಿಂತಿದೆ, ಪಳಗಿದ ಕೈಗೇ ಕೊಡಿ.

ನನಗೆ ಇಷ್ಟವಾದ ಉಪಾಯ: ಮ್ಯಾನುಯಲ್ ಲಾಕಿಂಗ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟ್‌ಗೆ ಕೈಯಿಂದ ಜೋಡಿಸುವ, ಬಿಡಿಸುವ ಸಾಧನ) ಇದ್ದರೆ ಮೊದಲು ಕ್ಯಾಸ್ಟರ್ ನೋಡಿ, ಪಿನಿಯನ್ ಆಮೇಲೆ. ಹಬ್‌ನ ಲಾಕ್ ಬಿಡಿಸಿ ಟೂ ವೀಲ್ ಡ್ರೈವ್‌ನಲ್ಲಿ ಹೋಗುವಾಗ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ತಿರುಗದ ಶಾಫ್ಟ್ ನಡುಗುವುದೆಲ್ಲಿಂದ? ಫೋರ್ ವೀಲ್ ಹಾಕುವ ಕಡೆ ವೇಗ ಕಡಿಮೆ. ಆದರೆ ಶಾಫ್ಟ್‌ನ ಜಾಯಿಂಟ್ ಆಕ್ಸಲ್ ಪೂರ್ತಿ ಕೆಳಗೆ ಜೋತಾಗಲೂ ಕಚ್ಚಿಕೊಳ್ಳಬಾರದು, ಅಷ್ಟನ್ನು ಕೈಯಲ್ಲಿ ತಿರುಗಿಸಿ ನೋಡಲೇಬೇಕು.

ಅಳೆಯುವಾಗ ಗಾಡಿ ಸಮ ನೆಲದಲ್ಲಿ ತನ್ನ ಪೂರ್ತಿ ಭಾರದಲ್ಲಿ ನಿಂತಿರಬೇಕು. ಎಂಜಿನ್, ಬಂಪರ್, ವಿಂಚ್ ಎಲ್ಲವೂ ಇರಲಿ. ಸ್ಪ್ರಿಂಗ್ ಕೂರುವ ಪ್ಯಾಡ್‌ಗಳಿಗೆ ಅಲ್ಲಿಯವರೆಗೆ ಸುಮ್ನೆ ಟ್ಯಾಕ್ (ಚುಕ್ಕೆಯಷ್ಟು ತಾತ್ಕಾಲಿಕ ವೆಲ್ಡ್) ಸಾಕು. ಕ್ಯಾಸ್ಟರ್‌ಗೆ ಆ್ಯಂಗಲ್ ಗೇಜನ್ನು ನಕಲ್ ಮೇಲಿನ ಸಪಾಟು ಜಾಗದಲ್ಲಿ, ಪಿನಿಯನ್‌ಗೆ ಫ್ಲ್ಯಾಂಜ್ ಮುಖದ ಮೇಲೆ ಇಡಿ.

ಉಳಿದದ್ದು

ಸ್ಟೀರಿಂಗ್: ಹಳೆ ಗಾಡಿಯಲ್ಲಿ ಡ್ರಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸ್‌ನಿಂದ ನಕಲ್‌ಗೆ ಹೋಗುವ ಸರಳು) ಹಿಂದೆ ಮುಂದೆ ತಳ್ಳುತ್ತಿತ್ತು. 1986ರ ನಂತರದ ಸ್ಟೀರಿಂಗ್ ಬಾಕ್ಸ್‌ನಿಂದ ಹೊರಬರುವ ತೋಳು, ಅಂದರೆ ಪಿಟ್‌ಮನ್ ಆರ್ಮ್, ಅಡ್ಡಕ್ಕೆ ಬೀಸುತ್ತದೆ. ಅದನ್ನೇ ಉಳಿಸಿಕೊಂಡು ನಕಲ್ ಮೇಲೆ ಎತ್ತರದ ಆರ್ಮ್ ಹಾಕಿ ಡ್ರಾಗ್ ಲಿಂಕ್ ಅಡ್ಡ ಕೊಡುತ್ತಾರೆ. ಲಿಂಕ್ ನೆಲಕ್ಕೆ ಸಮವಾಗಿದ್ದಷ್ಟೂ ಗುಂಡಿಯಲ್ಲಿ ಸ್ಟೀರಿಂಗ್ ತಾನಾಗಿ ಎಳೆಯುವುದು ಕಡಿಮೆ.

ಭಾರತದಲ್ಲಿ 2010ರ ಥಾರ್ ಸಿಆರ್‌ಡಿಇಗೂ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇತ್ತು, ಅದಕ್ಕೆ ಸಾಲಿಡ್ ಆಕ್ಸಲ್ ಹಾಕಿದರೆ ಕೋನದ ಲೆಕ್ಕ ಅಲ್ಲೂ ಇದೇ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಕಟರ್ ಹಿಡಿಯುವ ಮೊದಲೇ ಇದನ್ನು ಓದಿಕೊಳ್ಳಿ.

ಗೇರ್ ಅನುಪಾತ ಹಿಂದೆ ಮುಂದೆ ಒಂದೇ ಇರಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್ ಜಗಳಕ್ಕೆ ಬೀಳುತ್ತವೆ. ಹಳೆ ಆಕ್ಸಲ್ ಕೊಂಡಾಗ ಮಾರುವವರ ಮಾತು ಬಿಟ್ಟು ಹಲ್ಲು ಎಣಿಸಿ: ರಿಂಗ್ ಗೇರ್‌ಗೆ 41, ಪಿನಿಯನ್‌ಗೆ 10 ಇದ್ದರೆ ಅದು 4.10.