ಎಲಿ ಹಳದಿ ಆದ್ವು ಅಂತ ಗೊಬ್ಬರ ಸುರೀಬ್ಯಾಡ್ರಿ, ಮೊದಲ ಟಬ್ಬಿನ ಮುಚ್ಚಳ ತಗದು ನೋಡ್ರಿ

ಹೋದ ಏಪ್ರಿಲ್‌ದಾಗ ವಿಜಯಪುರದ ಜಲನಗರದಿಂದ ಒಬ್ಬ ಅಕ್ಕಾರು ಫೋನ್ ಮಾಡಿದ್ರು. ಮನಿ ಒಳಗ ಒಂದು ಖೋಲಿದಾಗ ಎಲ್‌ಇಡಿ ಲೈಟ್ ಹಚ್ಚಿ, 40 ಲೀಟರ್ ಟಬ್ಬಿನ ಮ್ಯಾಲೆ ನಾಕು ಚೆರ್ರಿ ಟೊಮ್ಯಾಟೊ ಗಿಡ ಹೈಡ್ರೋಪೋನಿಕ್ಸ್ ಪದ್ಧತಿಲೆ ಹಚ್ಚಿದ್ರು, ಅಂದ್ರ ಮಣ್ಣಿಲ್ಲದ, ಗೊಬ್ಬರ ಕರಗಿಸಿದ ನೀರಿನಾಗೇ ಬೇರು ಬಿಟ್ಟು. ಸರ್ ಎಲಿ ಹಳದಿ ಆಗ್ಯಾವ, ಹೂ ಎಲ್ಲಾ ಉದರ್ಲಿಕತ್ತಾವ, ಇನ್ನೊಂದ್ಸಲ ಗೊಬ್ಬರ ಹಾಕ್ಲೇನ್ರಿ ಅಂತ ಕೇಳಿದ್ರು. ಬ್ಯಾಡ್ರಿ ಅಕ್ಕಾರ, ನಾ ಬರೋತನಕ ಏನೂ ಹಾಕಬ್ಯಾಡ್ರಿ ಅಂದೆ, ಯಾಕಂದ್ರ ಅಷ್ಟರಾಗ ಅವರು ಎರಡು ಸಲ ಹೆಚ್ಚಿಗಿ ಹಾಕಿ ಆಗಿತ್ತು.

ಹೋಗಿ ಮುಚ್ಚಳ ಎತ್ತಿದ ಕೂಡಲೇ ಗಟಾರದಂಥಾ ವಾಸನಿ ಬಂತು. ಚಲೋ ಬೇರು ಬೆಳ್ಳಗ ಇರ್ತದ, ಇಲ್ಲಿ ಚಾದ ಬಣ್ಣಕ್ಕ ತಿರುಗಿ ಲೋಳಿ ಆಗಿತ್ತು, ಎರಡು ಬೆರಳಿಲೆ ಮೆಲ್ಲಕ ಎಳದ್ರ ಮ್ಯಾಲಿನ ಸಿಪ್ಪಿ ಕೈಗೆ ಬಂದು ಒಳಗ ಬರೇ ದಾರದಂಥಾ ಎಳಿ ಉಳೀತಿತ್ತು. ನೀರಿನ ಉಷ್ಣತೆ 31 ಡಿಗ್ರಿ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತಿ) 7.8, ಇಸಿ (ನೀರಿನಾಗ ಎಷ್ಟು ಉಪ್ಪು-ಗೊಬ್ಬರ ಕರಗ್ಯದ ಅನ್ನೋ ಅಳತಿ) 4.1. ಗಿಡಕ್ಕ ಊಟದ ಕೊರತಿ ಇರ್ಲೇ ಇಲ್ಲ ನೋಡ್ರಿ, ಉಣ್ಣೋ ಬಾಯಿನೇ ಕೊಳತು ಹೋಗಿತ್ತು. ನಮ್ಮ ಕಡೆ ನಾ ನೋಡೋ ಹತ್ತು ಮನಿ ಒಳಗ ಏಳೆಂಟು ಮನಿಯಾಗ ಕತಿ ಇದೇ, ಎಲಿ ನೋಡಿ ಗೊಬ್ಬರ ಹಾಕ್ತಾರ, ಬೇರು ಮತ್ತ ನೀರು ಯಾರೂ ನೋಡೂದಿಲ್ಲ.

ನೀರಿಂದನ ಶುರು ಮಾಡೋಣ, ಯಾಕಂದ್ರ ವಿಜಯಪುರ, ಬಾಗಲಕೋಟಿ ಕಡೆ ಬೋರಿನ ನೀರು ಭಾಳ ಗಡಸು, ಕೆಲವು ಕಡೆ ಸವಳು. ನಿಮ್ಮ ಗೀಸರಿನ ಕಾಯಿಲ್ ಮ್ಯಾಲೆ, ನಳದ ಬಾಯಿಗೆ ಬೆಳ್ಳನ ಕಿಟ್ಟ ಕಟ್ಟತದಲ್ಲ, ಅದೇ ನೀರು ಗಿಡಕ್ಕೂ ಹೋಗ್ತದ. ಆ ಅಕ್ಕಾರ ಬೋರಿನ ನೀರು ಏನೂ ಕೂಡಸಲಾರದನ ಇಸಿ 1.4 ತೋರಿಸ್ತು. ಸಣ್ಣ ಸಸಿಗೆ ಒಟ್ಟು ಬೇಕಾಗೋದೇ 1ರಿಂದ 1.5, ಅಂದ್ರ ಗೊಬ್ಬರ ಹಾಕೋಕಿಂತ ಮೊದಲ ಜಾಗಾ ತುಂಬಿ ಹೋಗಿರ್ತದ, ಅದೂ ಗಿಡಕ್ಕ ಬ್ಯಾಡಾದ ಉಪ್ಪಿಲೆ. ಇನ್ನೊಂದು ಏನಂದ್ರ ಇಂಥಾ ನೀರಿನಾಗ ಬೈಕಾರ್ಬೊನೇಟ್ ಇರ್ತದ, ನೀವು ಇವತ್ತು ಫಾಸ್ಫರಿಕ್ ಆಸಿಡ್ ಹಾಕಿ ಪಿಎಚ್ 6ಕ್ಕ ತಂದ್ರೂ ಎರಡು ದಿನಕ್ಕ ಮತ್ತ 7.5 ದಾಟಿರ್ತದ. ಟೊಮ್ಯಾಟೊಕ್ಕ 5.5ರಿಂದ 6.5ರೊಳಗ ಇರಬೇಕು. ಅದಕ್ಕಿಂತ ಮ್ಯಾಲೆ ಹೋದ್ರ ಟಬ್ಬಿನಾಗ ಕಬ್ಬಿಣ ಇದ್ರೂ ಗಿಡಕ್ಕ ಸಿಗೂದಿಲ್ಲ, ಅವಾಗ ತುದಿಯ ಎಳೀ ಎಲಿ ಹಳದಿ ಆಗಿ ನರ ಅಷ್ಟೇ ಹಸಿರು ಉಳೀತದ. ಅದೇ ನಮೂನಿ ಕೆಳಗಿನ ಹಳೀ ಎಲಿಯಾಗ ಕಂಡ್ರ ಅದು ಮೆಗ್ನೀಸಿಯಮ್, ಹಳೀ ಎಲಿ ನರ ಸಮೇತ ಪೂರ್ತಿ ಬಿಳಚಿಕೊಂಡ್ರ ಸಾರಜನಕ. ಹಳದಿ ಎಲ್ಲಿಂದ ಶುರು ಆತು ಅಂತ ಹೇಳದ್ರ ಅರ್ಧ ರೋಗ ಫೋನಿನ್ಯಾಗ ಗೊತ್ತಾಗ್ತದ.

ಆರ್‌ಓ ನೀರು ಹಾಕ್ಲೇನು ಅಂತ ಕೇಳ್ತೀರಿ. ಹಾಕ್ರಿ, ಇಲ್ಲಾ ಅರ್ಧ ಆರ್‌ಓ ಅರ್ಧ ಬೋರು ಕೂಡಸ್ರಿ, ನಮ್ಮ ಕಡೆ ನನಗ ಚಲೋ ಅನಿಸಿದ್ದು ಇದೇ. ಮಳಿಗಾಲದಾಗ ಮಾಳಗಿ ನೀರು ಹಿಡದು ಇಟ್ಟುಕೊಂಡ್ರ ಇನ್ನೂ ಚಲೋ. ಆದ್ರ ಪೂರಾ ಆರ್‌ಓ ಆದ್ರ ಅದರಾಗ ಕ್ಯಾಲ್ಸಿಯಮ್ಮು ಮೆಗ್ನೀಸಿಯಮ್ಮು ಎರಡೂ ಇರೂದಿಲ್ಲ ಅಂತ ನೆನಪಿರ್ಲಿ, ಅವನ್ನ ನೀವೇ ಕೊಡಬೇಕು. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಮಾತ್ರ ಬ್ಯಾಡೇ ಬ್ಯಾಡ, ಅದು ಸುಣ್ಣ ತಗದು ಸೋಡಿಯಮ್ ಕೂಡಸ್ತದ, ಬಟ್ಟಿ ಒಗಿಯೋದಕ್ಕ ಚಲೋ, ಗಿಡಕ್ಕ ವಿಷ. ಬೆಳಗಾವಿದಾಗ ರಾಕಸ್ಕೊಪ್ಪ ಜಲಾಶಯದ ನಳದ ನೀರು ಬರೋರಿಗೆ ಈ ತ್ರಾಸು ಕಡಿಮಿ, ಮಳಿ ಬಿದ್ದು ಕೂಡಿದ ನೀರು ಅದು.

ಇನ್ನ ಗೊಬ್ಬರ. ಭಾಳ ಮಂದಿ ಗೊಬ್ಬರದ ಅಂಗಡಿಗೆ ಹೋಗಿ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮ ಇರೋ ಗೊಬ್ಬರ) ಒಂದು ಪಾಕೀಟು ತಂದು ಅದನ್ನೇ ಹಾಕ್ತಿರ್ತಾರ. ಹೊಲದಾಗ ಅದು ಚಲೋ ಕೆಲಸ ಮಾಡ್ತದ, ಮಣ್ಣಿನ್ಯಾಗಿನ ಸೂಕ್ಷ್ಮಜೀವಿಗಳು ಯೂರಿಯಾ ಒಡದು ಗಿಡಕ್ಕ ಕೊಡ್ತಾವ, ಟಬ್ಬಿನಾಗ ಆ ಕೆಲಸ ಸರಿಯಾಗಿ ಆಗೂದಿಲ್ಲ, ಮತ್ತ ಅದರಾಗಿನ ಸಾರಜನಕದಾಗ ಅರ್ಧಕ್ಕಿಂತ ಹೆಚ್ಚು ಯೂರಿಯಾನೇ ಇರ್ತದ, ಕ್ಯಾಲ್ಸಿಯಮ್ ಅಂತೂ ಇರೂದೇ ಇಲ್ಲ. ನಮ್ಮ ಪುಣ್ಯ ಏನಂದ್ರ ನಾವು ದ್ರಾಕ್ಷಿ ದಾಳಿಂಬ್ರಿ ಬೆಳೆಯೋ ಸೀಮ್ಯಾಗ ಅದೀವಿ, ತಿಕೋಟಾ ಆಗ್ಲಿ ಜಮಖಂಡಿ ಆಗ್ಲಿ, ಡ್ರಿಪ್ಪಿನ್ಯಾಗ ಬಿಡೋ ಕ್ಯಾಲ್ಸಿಯಮ್ ನೈಟ್ರೇಟ್, 13:0:45, 0:52:34, ಮೆಗ್ನೀಸಿಯಮ್ ಸಲ್ಫೇಟ್ ಎಲ್ಲಾ ಅಂಗಡಿದಾಗ ಸಿಗ್ತಾವ, ಜೊತಿಗೆ ಚಿಲೇಟೆಡ್ (ನೀರಿನಾಗ ಕರಗೇ ಉಳಿಯೋ ರೂಪದ) ಸೂಕ್ಷ್ಮ ಪೋಷಕಾಂಶದ ಪಾಕೀಟು ಒಂದು ತಗೊಂಡ್ರ ಆತು. ಪಿಎಚ್ ಏರೋ ನೀರು ಇದ್ರ ಕಬ್ಬಿಣ ಇಡಿಟಿಎ ಬದಲಿ ಇಡಿಡಿಎಚ್‌ಎ ರೂಪದ್ದು ಕೇಳ್ರಿ, ಅದು 7ರ ಮ್ಯಾಲೆನೂ ನಿಲ್ಲತದ.

ಕ್ಯಾಲ್ಸಿಯಮ್ ನೈಟ್ರೇಟ್ ಮಾತ್ರ ಒಂದು ಬಾಟ್ಲಿ, ಉಳದದ್ದು ಇನ್ನೊಂದು ಬಾಟ್ಲಿ. ಗಟ್ಟಿ ದ್ರಾವಣದಾಗ ಎರಡೂ ಕೂಡಿದ್ರ ಫಾಸ್ಫೇಟು ಸಲ್ಫೇಟು ಎಲ್ಲಾ ಕ್ಯಾಲ್ಸಿಯಮ್ ಹಿಡಕೊಂಡು ಬೆಳ್ಳನ ಮಡ್ಡಿ ಆಗಿ ತಳಕ್ಕ ಕೂಡ್ತದ. ಬಾಗಲಕೋಟಿ ನವನಗರದಾಗ ಒಬ್ರು ಆರು ತಿಂಗಳು ಹಿಂಗೇ ಮಾಡಿದ್ರು, ಬಾಟ್ಲಿ ತಳದಾಗ ಎರಡು ಬೆರಳು ಮಡ್ಡಿ ಇತ್ತು, ರೊಕ್ಕ ಎಲ್ಲಾ ಅಲ್ಲೇ ಕೂತಿತ್ತು ನೋಡ್ರಿ. ಟಬ್ಬಿನಾಗ ಮೊದಲ ನೀರು ತುಂಬಸ್ರಿ, ಒಂದು ಹಾಕಿ ಚಲೋತಂಗ ತಿರುವಿ ಆಮ್ಯಾಲೆ ಇನ್ನೊಂದು ಹಾಕ್ರಿ, ಪಿಎಚ್ ಕಡೀಕ ಸರಿ ಮಾಡ್ರಿ. ಗಿಡ ಬೆಳೀಲಿಕತ್ತಾಗ ಇಸಿ 2ರ ಸುತ್ತ, ಕಾಯಿ ಬಿಟ್ಟ ಮ್ಯಾಲೆ 2.5ರಿಂದ 3 ಸಾಕು. ನಿಮ್ಮ ಮೀಟರ್ ಇಸಿ ಬದಲಿ ಪಿಪಿಎಂ (ಹತ್ತು ಲಕ್ಷದಾಗ ಎಷ್ಟು ಪಾಲು) ತೋರಸೋದಿದ್ರ ಯಾವ ಸ್ಕೇಲ್ ಅಂತ ನೋಡ್ರಿ, ಇಸಿ 2 ಅಂದ್ರ ಒಂದರಾಗ 1000, ಇನ್ನೊಂದರಾಗ 1400, ಇದೊಂದು ತಪ್ಪಿಲೆ ಗಿಡ ಸುಟ್ಟೋರು ಅದಾರ. ಮತ್ತ ದೊಡ್ಡ ಗಿಡ ದಿನಕ್ಕ ಒಂದು ಲೀಟರ್ ಮ್ಯಾಲೆ ನೀರು ಕುಡೀತದ, ಬ್ಯಾಸಗ್ಯಾಗ ನೀರು ಹೋಗಿ ಉಪ್ಪು ಉಳೀತದ, ಇಸಿ ಏರ್ಲಿಕತ್ತಂದ್ರ ಬರೇ ನೀರು ಹಾಕ್ರಿ, ಗೊಬ್ಬರದ ನೀರಲ್ಲ. ಹದಿನೈದು ದಿನಕ್ಕೊಮ್ಮೆ ಪೂರಾ ಬದಲಿ ಮಾಡ್ರಿ.

ಬೇರು ಕೊಳಿಯೋದಕ್ಕ ಮುಖ್ಯ ಕಾರಣ ಬಿಸಿ ನೀರು. 20 ಡಿಗ್ರಿ ನೀರಿನಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡೀತದ, 30ಕ್ಕ 7.5, ಆ ಹೊತ್ತಿಗೆ ಬೇರಿಗೆ ಬೇಕಾಗೋದು ಮಾತ್ರ ಹೆಚ್ಚಾಗಿರ್ತದ, ಅವಾಗ ಪೈಥಿಯಮ್ ಅನ್ನೋ ರೋಗಾಣು ಹೊಕ್ಕತದ. ಟಬ್ಬಿಗೆ ತಟ್ಟಿನ ಚೀಲ ಸುತ್ತಿ ಹಸಿ ಇಡ್ರಿ, ಫ್ಯಾನಿನ ಗಾಳಿ ಬಿಡ್ರಿ. ವಿಜಯಪುರದ ಒಣ ಬ್ಯಾಸಗ್ಯಾಗ ಇದರಿಂದ ನಾಕೈದು ಡಿಗ್ರಿ ಇಳದದ್ದು ನಾ ಅಳದು ನೋಡೀನಿ, ಮಣ್ಣಿನ ಗಡಗಿ ನೀರು ತಣ್ಣಗಾಗೋದೂ ಹಿಂಗೇ ಅಲ್ಲೇನ್ರಿ. ಫ್ರೀಜರಿನ ಬಾಟ್ಲಿನೂ ನಡೀತದ, ದಿನಕ್ಕ ಎರಡು ಸಲ ಬದಲಿಸಬೇಕು. ನೀರಿನಾಗ ಗಾಳಿ ಗುಳ್ಳಿ ಬಿಡೋ ಏರ್ ಪಂಪ್ 24 ತಾಸು ನಡೀಬೇಕು, ಕರೆಂಟ್ ಹೋಗೋ ಕಡೆ ಬ್ಯಾಟರಿ ಪಂಪ್ ಇಡ್ರಿ, ಮತ್ತ ಟಬ್ಬು ಗಂಟಲತನಕ ತುಂಬಸಬ್ಯಾಡ್ರಿ, ಮ್ಯಾಲಿನ ಬೇರು ಎರಡು ಮೂರು ಇಂಚು ಗಾಳಿಯಾಗ ಇದ್ರ ಪಂಪ್ ನಿಂತಾಗ ಅದೇ ಗಿಡ ಉಳಸ್ತದ. ಕೊಳತದ್ದು ಕತ್ತರಿಸಿ, ಟಬ್ಬು ಬ್ಲೀಚಿಂಗ್ ಪೌಡರಿಲೆ ತೊಳದು ಚಲೋತಂಗ ಜಾಲಾಡಿಸಿ, ಅರ್ಧ ಇಸಿಯ ಹೊಸಾ ನೀರು ಕೊಡ್ರಿ. ಆ ಅಕ್ಕಾರ ನಾಕು ಗಿಡದಾಗ ಎರಡು ಹಿಂಗ ಉಳದ್ವು, ಎರಡು ಉಳೀಲಿಲ್ಲ. ಗಿಡ ಸುಧಾರಿಸ್ತೋ ಇಲ್ಲೋ ಅಂತ ಹಳೀ ಎಲಿ ನೋಡಬ್ಯಾಡ್ರಿ, ಹೊಸಾ ಕುಡಿ ನೋಡ್ರಿ.

ಗಿಡ ಹಸಿರಾಗಿದ್ದೂ ಹೂ ಉದರಿದ್ರ ಅದು ಬ್ಯಾರೆ ಮಾತು. ಟೊಮ್ಯಾಟೊ ಹೂವಿನ್ಯಾಗ ಗಂಡು ಹೆಣ್ಣು ಎರಡೂ ಒಂದರಾಗೇ ಇರ್ತಾವ, ಆದ್ರ ಪರಾಗ ಒಂದು ಕೊಳವಿ ಒಳಗ ಇರ್ತದ, ಅಲುಗಾಡದ ಹೊರತು ಉದರೂದಿಲ್ಲ. ಹೊಲದಾಗ ಗಾಳಿ ಅದ, ಗುಂಯ್ ಅಂತ ಹೂ ಅದರಿಸೋ ದುಂಬಿ ಅದಾವ, ಮನಿ ಒಳಗ ಯಾರದಾರ? ಅದಕ್ಕ ಮುಂಜಾನೆ 10ರಿಂದ ಮಧ್ಯಾಹ್ನ 1ರೊಳಗ ಬ್ಯಾಟರಿ ಟೂತ್‌ಬ್ರಷ್ ಹೂಗೊಂಚಲದ ತೊಟ್ಟಿಗೆ ಎರಡು ಮೂರು ಸೆಕೆಂಡ್ ಹಿಡೀರಿ, ಇಲ್ಲಾ ಬೆರಳಿಲೆ ತಟ್ರಿ, ದಿನಾ ಮಾಡ್ರಿ. ಬೆಳಗಾವಿ ಟಿಳಕವಾಡಿಯಾಗ ಒಬ್ರು ಜುಲೈದಾಗ ದಿನಾ ತಟ್ಟಿದ್ರೂ ಕಾಯಿ ಕಟ್ಟಲಿಲ್ಲ, ಹೋಗಿ ನೋಡಿದ್ರ ಖೋಲಿ ಗಾಳಿಯ ತೇವಾಂಶ 88 ಪರ್ಸೆಂಟ್, ಪರಾಗ ಮುದ್ದಿ ಆಗಿ ಅಂಟಿಕೊಂಡಿತ್ತು, ಫ್ಯಾನ್ ಹಚ್ಚಿ ಕಿಟಕಿ ಕಡೆಯಿಂದ ಗಿಡ ಸರಿಸಿ 70ರೊಳಗ ತಂದ ಮ್ಯಾಲೆ ಕಟ್ಟಿದ್ವು. ನಮ್ಮ ವಿಜಯಪುರದ ಮೇ ತಿಂಗಳದಾಗ ಇದರ ಉಲ್ಟಾ, 35 ಡಿಗ್ರಿ ದಾಟಿದ ಖೋಲಿಯಾಗ ಪರಾಗನೇ ಸತ್ತಿರ್ತದ, ಬ್ರಷ್ ಹಿಡದು ಏನೂ ಉಪಯೋಗ ಇಲ್ಲ. ಎಸಿ ಇಲ್ಲದೋರಿಗೆ ನಾ ಹೇಳೋದು ಆಗಸ್ಟ್ ಕೊನಿಗೆ ಬೀಜ ಹಾಕ್ರಿ, ನವೆಂಬರಿನಿಂದ ಫೆಬ್ರವರಿತನಕ ಹಣ್ಣು ತಿನ್ರಿ, ಬ್ಯಾಸಗ್ಯಾಗ ಟಬ್ಬು ತೊಳದು ಇಡ್ರಿ.

ಬೆಳಕು ದಿನಕ್ಕ 14ರಿಂದ 16 ತಾಸು ಸಾಕು, ರಾತ್ರಿ ಕತ್ತಲಿ ಬೇಕೇ ಬೇಕು, 24 ತಾಸು ಲೈಟ್ ಬಿಟ್ರ ಟೊಮ್ಯಾಟೊ ಎಲಿ ಅದರಿಂದನ ಹಳದಿ ಆಗ್ತಾವ. ಕಾಂಡ ಸೊರಗಿ ಉದ್ದ ಬೆಳೀಲಿಕತ್ತಂದ್ರ ಲೈಟ್ ಕಮ್ಮಿ ಬಿದ್ದದ, ಸ್ವಲ್ಪ ಕೆಳಗ ಇಳಸ್ರಿ. ಸೊಪ್ಪಿನ ಜೋಡಿ ಒಂದೇ ಟಬ್ಬಿನಾಗ ಹಚ್ಚಬ್ಯಾಡ್ರಿ, ಲೆಟ್ಯೂಸಿಗೆ ಇಸಿ 1 ಸಾಕು, ಇಬ್ಬರಿಗೂ ಒಂದೇ ಊಟ ಆಗೂದಿಲ್ಲ.

ಎಲಿ ಮ್ಯಾಲಕ್ಕ ಸುರುಳಿ ಆದ್ರ ಹೊಸಾ ಕುಡಿ ಹಿಡದು ನೋಡ್ರಿ. ಕುಡಿ ಚಲೋ ಇದ್ದು ಕೆಳಗಿನ ಎಲಿ ಅಷ್ಟೇ ಸುರುಳಿ ಆಗಿದ್ರ ಅದು ಬಿಸಲಿನ ಕಾವು, ಚಿಂತಿ ಬ್ಯಾಡ. ಕುಡಿಯ ಎಲಿನೇ ಸಣ್ಣದಾಗಿ, ಮುದುರಿ, ಅಂಚು ಹಳದಿ ಆಗಿ ಗಿಡ ಗಿಡ್ಡ ನಿಂತ್ರ ಅದು ಬಿಳಿ ನೊಣ ತಂದ ಎಲಿ ಮುಟುರು ವೈರಸ್, ಅದಕ್ಕ ಔಷಧ ಇಲ್ಲ. ಆ ಗಿಡ ಅವತ್ತೇ ಕಿತ್ತು ಚೀಲದಾಗ ಕಟ್ಟಿ ಹೊರಗ ಒಯ್ರಿ, ಉಳದ ಗಿಡದ ಎಲಿ ಹಿಂದಿನ ಬಾಜು ನೋಡ್ರಿ, ಹಳದಿ ಅಂಟು ಹಾಳಿ ತೂಗಹಾಕ್ರಿ, ಕಿಟಕಿಗೆ ಸಣ್ಣ ಜಾಳಿಗಿ ಬಡಸ್ರಿ.