ಬಿಸಿಲಲ್ಲಿ ಮೂತ್ರ ಯಾಕೆ ಕಡಿಮೆ? ನೀರು ಉಳಿಸುವ ಹಾರ್ಮೋನಿನ ಹಿನ್ನೆಲೆ

ಏಪ್ರಿಲ್ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆ ಸರ್ಕಾರಿ ಕಚೇರಿಗಳ ಸಮಯವೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಗಿಸುತ್ತಾರೆ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 43, 44 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆ ದಿನಗಳಲ್ಲಿ ಕೊಡದ ನೀರು ಖಾಲಿಯಾಗುತ್ತಲೇ ಇರುತ್ತದೆ, ಆದರೂ ಮೂತ್ರ ಕಡಿಮೆ, ಬಣ್ಣ ಗಾಢ ಹಳದಿ. ‘ಉಷ್ಣ ಆಗಿದೆ’ ಅಂತ ಸುಮ್ಮನಾಗುತ್ತೇವೆ, ಅಲ್ವಾ? ಆದರೆ ಆ ಹೊತ್ತಿನಲ್ಲಿ ಮಿದುಳಿನಿಂದ ಕಿಡ್ನಿಗೆ ಒಂದು ಆದೇಶ ಹೋಗಿರುತ್ತದೆ. ಅದನ್ನು ಹೊತ್ತೊಯ್ಯುವುದು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು.

ದೇಹದ ಒಂದು ಭಾಗ ಇನ್ನೊಂದಕ್ಕೆ ರಕ್ತದ ಮೂಲಕ ಸುದ್ದಿ ಮುಟ್ಟಿಸುತ್ತದೆ ಎಂದು ಗಟ್ಟಿಯಾಗಿ ತೋರಿಸಿದ್ದು 1902ರಲ್ಲಿ. ಅಲ್ಲಿಯವರೆಗೆ ಜೀರ್ಣರಸ ಬಿಡುವ ಕೆಲಸವೆಲ್ಲ ನರಗಳದ್ದು ಎಂಬ ನಂಬಿಕೆಯೇ ಜೋರಾಗಿತ್ತು. ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ನರಗಳನ್ನು ಕತ್ತರಿಸಿ, ಆ ಕರುಳಿಗೆ ಆಮ್ಲ ಹಾಕಿದರು. ಆದರೂ ಮೇದೋಜೀರಕ ಗ್ರಂಥಿ ರಸ ಬಿಟ್ಟಿತು. ನರ ಇಲ್ಲದೆಯೂ ಸುದ್ದಿ ಮುಟ್ಟಿತ್ತು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳನ್ನು ಹಾರ್ಮೋನು ಎಂದು ಕರೆದರು.

ನೀರಿನ ಹಾರ್ಮೋನಿನ ವಿಷಯದಲ್ಲಿ ಮಾತ್ರ ವಿಜ್ಞಾನಿಗಳು ಮೊದಲು ಪೂರ್ತಿ ಉಲ್ಟಾ ಹೋಗಿದ್ದರು. ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಅದರ ಸಾರವನ್ನು ಅರಿವಳಿಕೆ ಕೊಟ್ಟ ಪ್ರಾಣಿಗಳಿಗೆ ಚುಚ್ಚಿದಾಗ ಮೂತ್ರ ಜಾಸ್ತಿಯಾಯಿತೆಂದು 1901ರಲ್ಲಿ ಬರೆದರು. 1913ರಲ್ಲಿ ಇಟಲಿಯ ಫರೀನಿ ಮತ್ತು ಜರ್ಮನಿಯ ಫಾನ್ ಡೆನ್ ವೆಲ್ಡೆನ್ ಬೇರೆಬೇರೆಯಾಗಿ ಅದೇ ಸಾರವನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಡಯಾಬಿಟಿಸ್ ಇನ್ಸಿಪಿಡಸ್ ಇದ್ದವರು ಅವರು. ಹೆಸರಲ್ಲಿ ಡಯಾಬಿಟಿಸ್ ಇದ್ದರೂ ಶುಗರ್‌ಗೂ ಇದಕ್ಕೂ ಸಂಬಂಧವಿಲ್ಲ. ಜೋರಾಗಿದ್ದರೆ ದಿನಕ್ಕೆ 10 ಲೀಟರಿಗಿಂತ ಜಾಸ್ತಿ ಮೂತ್ರ ಹೋಗುತ್ತದೆ, ಬಾಯಾರಿಕೆ ತೀರುವುದೇ ಇಲ್ಲ. ಸಾರ ಕೊಟ್ಟ ಮೇಲೆ ಮೂತ್ರ ಇಳಿಯಿತು. ರೋಗಿಗಳ ಹಾಸಿಗೆ ಪಕ್ಕದಲ್ಲಿ ನಿಂತು ನೋಡಿದವರಿಂದಲೇ ಹಳೆಯ ತೀರ್ಮಾನ ತಿರುಗಿತು ಅನ್ನುವುದು ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ.

ಹಾರ್ಮೋನು ಯಾವಾಗ ಬಿಡಬೇಕೆಂದು ಮಿದುಳಿಗೆ ಹೇಗೆ ಗೊತ್ತಾಗುತ್ತದೆ? ಇಂಗ್ಲೆಂಡಿನ ವರ್ನಿ ನಾಯಿಗಳ ಕುತ್ತಿಗೆಯ ರಕ್ತನಾಳಕ್ಕೆ ಗಟ್ಟಿ ಉಪ್ಪುನೀರು ಕೊಟ್ಟು ನೋಡಿದರು. ಮಿದುಳಿಗೆ ಉಪ್ಪಿನ ರಕ್ತ ಮುಟ್ಟಿದ ಕೂಡಲೇ ಮೂತ್ರ ಕಡಿಮೆಯಾಯಿತು. ಅದನ್ನು 1947ರಲ್ಲಿ ಪ್ರಕಟಿಸಿದರು. ಬೆವರು ಹೋಗಿ ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದರೂ ಸಾಕು, ಮಿದುಳಿನ ಹೈಪೊಥಾಲಮಸ್ ಎಂಬ ಭಾಗ ಎಚ್ಚರಾಗುತ್ತದೆ. ವ್ಯಾಸೊಪ್ರೆಸಿನ್ ತಯಾರಾಗುವುದು ಅಲ್ಲೇ. ಪಿಟ್ಯುಟರಿಯ ಹಿಂಭಾಗ ಅದನ್ನು ಕೂಡಿಟ್ಟು ರಕ್ತಕ್ಕೆ ಬಿಡುತ್ತದೆ. ಒಂಬತ್ತೇ ಅಮೈನೊ ಆಮ್ಲಗಳ ಈ ಪುಟ್ಟ ವಸ್ತುವನ್ನು ಅಮೆರಿಕದ ಡು ವಿನ್ಯೋ ಪ್ರಯೋಗಾಲಯದಲ್ಲೇ ತಯಾರಿಸಿದರು, 1955ರ ರಸಾಯನಶಾಸ್ತ್ರ ನೊಬೆಲ್ ಅವರಿಗೆ ಬಂತು.

ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಬಹುಪಾಲು ತಾನಾಗಿಯೇ ರಕ್ತಕ್ಕೆ ಮರಳುತ್ತದೆ. ಕೊನೆಯಲ್ಲಿ ಉಳಿದದ್ದನ್ನು ಎಷ್ಟು ಹಿಡಿದಿಡಬೇಕೆಂದು ಹೇಳುವುದು ಈ ಹಾರ್ಮೋನು. ಅದು ಬಂದಾಗ ಕಿಡ್ನಿಯ ಕೊನೆಯ ನಾಳಗಳ ಗೋಡೆಯಲ್ಲಿ ನೀರಿನ ಸಣ್ಣ ದಾರಿಗಳು ತೆರೆಯುತ್ತವೆ. ಇಂಥ ದಾರಿಗಳು ಇವೆ ಎಂದು ಅಮೆರಿಕದ ಪೀಟರ್ ಆಗ್ರೀ ತೋರಿಸಿದ್ದು 1992ರ ಸುಮಾರಿಗೆ, ಅವರಿಗೆ 2003ರಲ್ಲಿ ನೊಬೆಲ್ ಬಂತು.

ಆದರೆ ಹಾರ್ಮೋನು ಇದ್ದ ನೀರನ್ನು ಉಳಿಸಬಲ್ಲದು, ಇಲ್ಲದ ನೀರನ್ನು ತರಲಾರದು. ದೇಹದ ಕಸ ಹೊರಹಾಕಲು ದಿನಕ್ಕೆ ಅರ್ಧ ಲೀಟರಿನಷ್ಟಾದರೂ ಮೂತ್ರ ಹೋಗಲೇಬೇಕು. ನನಗೆ ಸಂಕಟವಾಗುವುದು ಇಲ್ಲೇ. ಹೊಲದಲ್ಲಿ, ನರೇಗಾ ಕೆಲಸದಲ್ಲಿ, ಶಹಾಬಾದ್ ಕಡೆಯ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುವ ಹೆಂಗಸರು, ಶಾಲೆಗೆ ಹೋಗುವ ಹುಡುಗಿಯರು, ಹೋಗಲು ಮರೆಯ ಜಾಗವಿಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುತ್ತಾರೆ. ಅಷ್ಟೂ ಹೊತ್ತು ಹಾರ್ಮೋನು ಏರಿಯೇ ಇರುತ್ತದೆ, ಮೂತ್ರ ಗಟ್ಟಿಯಾಗುತ್ತಲೇ ಹೋಗುತ್ತದೆ. ಉರಿಮೂತ್ರ, ಕಿಡ್ನಿ ಕಲ್ಲಿಗೆ ಅದು ದಾರಿ. ‘ನೀರು ಜಾಸ್ತಿ ಕುಡಿಯಿರಿ’ ಅಂತ ಬೋರ್ಡ್ ಹಾಕುವ ಮೊದಲು ಅಲ್ಲೊಂದು ಶೌಚಾಲಯ ಕಟ್ಟಿಸಬೇಕು.

ವಯಸ್ಸಾದವರಿಗೆ ಬಾಯಾರಿಕೆಯೇ ಮಂದ, ಕೇಳಲಿ ಅಂತ ಕಾಯದೆ ನಾವೇ ಕೊಡಬೇಕು. ಸೆರೆ ಕುಡಿದರೆ ಈ ಹಾರ್ಮೋನೇ ತಗ್ಗುತ್ತದೆ, ಬಿಸಿಲಲ್ಲಿ ಅದು ಎರಡು ಪಟ್ಟು ಕೆಟ್ಟದ್ದು. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಒಳ್ಳೆಯದು.

ಉಪ್ಪು ಉಳಿಸಲು ಬೇರೆ ಹಾರ್ಮೋನು ಇದೆ, ಆಲ್ಡೊಸ್ಟೆರೋನ್. 1953ರಲ್ಲಿ ಅದನ್ನು ಬೇರ್ಪಡಿಸಿದ ತಂಡದಲ್ಲಿ ಸಿಂಪ್ಸನ್ ಮತ್ತು ಟೇಟ್ ಇದ್ದರು, ಮುಂದೆ ಅವರಿಬ್ಬರೂ ದಂಪತಿಯಾದರು. ಬಿಸಿಲಲ್ಲಿ ದಿನಾ ದುಡಿದರೆ ಒಂದೆರಡು ವಾರದಲ್ಲಿ ಅದರ ಪ್ರಭಾವದಿಂದ ಬೆವರಿನ ಉಪ್ಪು ಕಡಿಮೆಯಾಗುತ್ತದೆ. ಬೆಂಗಳೂರು, ಪುಣೆಯಲ್ಲಿ ಕೆಲವು ವಾರ ತಂಪಲ್ಲಿದ್ದರೆ ಆ ರೂಢಿ ತಪ್ಪಿಹೋಗುತ್ತದೆ. ಹಾಗಾಗಿ ಮೇ ತಿಂಗಳ ಮದುವೆಗೆ ಊರಿಗೆ ಬಂದವರು, ಇಲ್ಲೇ ಹುಟ್ಟಿ ಬೆಳೆದವರಾದರೂ, ಮೊದಲ ವಾರ ಮಧ್ಯಾಹ್ನದ ಬಿಸಿಲಿಗೆ ಇಳಿಯದೆ ಇರುವುದೇ ಸರಿ.