‘ವಿಮೆನ್’ ಒಳಗಿನ ಓ ಏನು ಮಾಡ್ತಿದೆ?

ಅಣ್ಣನ ಮಗಳು ಮೂರನೇ ಕ್ಲಾಸು. ಮೊನ್ನೆ ಡಿಕ್ಟೇಶನ್‌ಗೆ ಓದಿಕೊಳ್ಳುತ್ತಿದ್ದವಳು ಪೆನ್ಸಿಲ್ ಕೆಳಗಿಟ್ಟಳು. “ಚಿಕ್ಕಪ್ಪ, ಬರೆಯೋದು ಡಬ್ಲ್ಯೂ, ಓ, ಎಮ್, ಇ, ಎನ್. ಓದೋದು ಮಾತ್ರ ವಿಮೆನ್. ಇದರಲ್ಲಿ ಐ ಎಲ್ಲಿದೆ? ಓ ಏನು ಮಾಡ್ತಿದೆ?”

ಸುಮ್ನೆ ಬಾಯಿಪಾಠ ಮಾಡು ಅಂದುಬಿಡಬಹುದಿತ್ತು. ಆದರೆ ಈ ಪ್ರಶ್ನೆಯ ಹಿಂದೆ ಸಾವಿರ ವರ್ಷದ ಕತೆ ಇದೆ. ಅದು ಶುರುವಾಗೋದು ‘ಮ್ಯಾನ್’ ಅನ್ನೋ ಪದದಿಂದ.

ಮೊದಲು ಒಂದು ಕಿರಿಕಿರಿ ಹೇಳಿಬಿಡುತ್ತೇನೆ. “ನಮ್ಮ ಮನುವಿನಿಂದಲೇ ಇಂಗ್ಲಿಷಿನ ಮ್ಯಾನ್ ಬಂತು” ಅನ್ನೋ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಮ್ಯಾನ್ ಮನುವಿನ ಮಗನಲ್ಲ, ದಾಯಾದಿ. ಇಬ್ಬರಿಗೂ ಮುತ್ತಜ್ಜ ಒಬ್ಬನೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬೇರಿನವು ಇರಬೇಕು ಅಂತ ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತಾದಲ್ಲಿ ಹೇಳಿದ್ದು 1786ರಲ್ಲಿ. ಇಂಗ್ಲಿಷೂ ಅದೇ ಮನೆತನದ್ದು. ಕನ್ನಡ ಆ ಮನೆತನದ್ದಲ್ಲ, ‘ಮನುಷ್ಯ’ ನಾವು ಸಂಸ್ಕೃತದಿಂದ ತಂದುಕೊಂಡದ್ದು. ಇನ್ನು ಮ್ಯಾನೇಜರ್, ಮ್ಯಾನುಯಲ್? ಅವಕ್ಕೂ ಮ್ಯಾನ್‌ಗೂ ಸಂಬಂಧವೇ ಇಲ್ಲ. ಅಲ್ಲಿರೋದು ಲ್ಯಾಟಿನ್‌ನ ‘ಮಾನುಸ್’, ಅಂದರೆ ಕೈ.

ಹಳೇ ಇಂಗ್ಲಿಷಿನಲ್ಲಿ ‘ಮನ್’ ಅಂದರೆ ಗಂಡಸು ಅಂತಲ್ಲ. ಆಳು, ಅಷ್ಟೇ. “ಬಾವಿಯಲ್ಲಿ ಎರಡಾಳು ನೀರಿದೆ” ಅಂದಾಗ ಆ ಆಳು ಗಂಡೋ ಹೆಣ್ಣೋ ಅಂತ ಯಾರಾದರೂ ಕೇಳ್ತಾರಾ? ನಾಟಿಗೆ ಹತ್ತಾಳು ಬೇಕು ಅಂದರೂ ಹಾಗೇ. ಬಿಡಿಸಿ ಹೇಳಬೇಕಾದಾಗ ಮಾತ್ರ ಗಂಡಾಳು, ಹೆಣ್ಣಾಳು ಅನ್ನುತ್ತೇವೆ. ಅವರು ಮಾಡಿದ್ದೂ ಇದನ್ನೇ. ‘ವೀಫ್’ ಅಂದರೆ ಹೆಣ್ಣು, ಇವತ್ತಿನ ವೈಫ್. ಅದಕ್ಕೆ ಮನ್ ಸೇರಿ ‘ವೀಫ್‌ಮನ್’ ಆಯಿತು. ನೇರವಾಗಿ ಹೆಣ್ಣಾಳು! ಸುಮಾರು 1000ನೇ ಇಸವಿಯ ಒಂದು ಇಂಗ್ಲಿಷ್ ಬರಹದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ ಹೆಲೆನಾಳನ್ನೂ ‘ಮನ್’ ಅಂತಲೇ ಕರೆದಿದ್ದಾರೆ.

ಹಾಗಾದರೆ ಗಂಡಸಿಗೆ? ‘ವೆರ್’. ಇದೂ ನಮಗೆ ಪರಿಚಯದ ಮುಖವೇ. ಲ್ಯಾಟಿನ್‌ನಲ್ಲಿ ‘ವಿರ್’, ಸಂಸ್ಕೃತದಲ್ಲಿ ‘ವೀರ’. ನಮ್ಮೂರ ಕೆರೆ ಏರಿಯ ವೀರಗಲ್ಲಿನ ವೀರನೂ, ಹುಣ್ಣಿಮೆ ರಾತ್ರಿ ತೋಳವಾಗುವ ವೇರ್‌ವುಲ್ಫ್‌ನ ‘ವೇರ್’ ಕೂಡ ಒಂದೇ ವಂಶದವರು. ಈ ವೆರ್ 13ನೇ ಶತಮಾನದ ಹೊತ್ತಿಗೆ ಬಳಕೆಯಿಂದ ಬಿದ್ದುಹೋಯಿತು. ಖಾಲಿ ಕುರ್ಚಿಯಲ್ಲಿ ಮ್ಯಾನ್ ಕೂತ. ತನ್ನ ಹಳೇ ಕುರ್ಚಿಯನ್ನೂ ಬಿಡಲಿಲ್ಲ. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ಬಾಯಲ್ಲಿ ಮ್ಯಾನ್ ಹಿಂದಿನ ಪುಟ್ಟ ‘ಅ’ ಕೇಳಿಸದೇ ಹೋಯ್ತು. ‘ಒಬ್ಬ ಮನುಷ್ಯನಿಗೆ ಚಿಕ್ಕ ಹೆಜ್ಜೆ’ ಅಂತ ಹೇಳಹೊರಟದ್ದು ‘ಮನುಕುಲಕ್ಕೆ ಚಿಕ್ಕ ಹೆಜ್ಜೆ, ಮನುಕುಲಕ್ಕೆ ದೊಡ್ಡ ನೆಗೆತ’ ಅಂತ ಕೇಳಿಸಿತು. ಎರಡು ಕುರ್ಚಿಯ ತಾಪತ್ರಯ.

ಈಗ ಓ ವಿಚಾರ. ವೀಫ್‌ಮನ್ ಅಂತ ಬೇಗ ಬೇಗ ಹತ್ತು ಸಲ ಹೇಳಿ ನೋಡಿ. ಫ್ ಮೆಲ್ಲಗೆ ಮ್ ಒಳಗೆ ಕರಗಿ ‘ವಿಮ್ಮನ್’ ಆಗುತ್ತದೆ. ಆಮೇಲೆ ಇಂಗ್ಲಿಷಿನ ಡಬ್ಲ್ಯೂ ಹೇಳಿ. ಸೀಟಿ ಊದುವವರ ಹಾಗೆ ತುಟಿ ದುಂಡಗಾಯಿತು ಅಲ್ವಾ? ಪಕ್ಕದ ಇ ಹೇಳೋಕೆ ತುಟಿ ಅಗಲ ಆಗಬೇಕು. ನಾಲಗೆ ಸೋಮಾರಿ, ತುಟಿ ಅದಕ್ಕಿಂತ ಸೋಮಾರಿ. ದುಂಡಗಿದ್ದದ್ದು ದುಂಡಗೇ ಉಳಿದು ಇ ಹೋಗಿ ಉ ಆಯಿತು. ಬೀಟ್‌ರೂಟ್ ಪಕ್ಕ ಬೇಯಿಸಿದ ಆಲೂಗಡ್ಡೆಗೆ ಬಣ್ಣ ಹತ್ತಿದ ಹಾಗೆ. ಬೇರೆ ಸಾಕ್ಷಿ ಬೇಕಾದರೆ ಮಂಗಳೂರಿಗೆ ಹೋಗಿ. ಹಳಗನ್ನಡದಲ್ಲಿ ‘ಪೆಣ್’, ತುಳುವಿನಲ್ಲಿ ‘ಪೊಣ್ಣು’. ತಮಿಳರು ಬರೆಯೋದು ಪೆಣ್, ಆಡೋದು ಪೊಣ್ಣು. ಪ ಕೂಡ ತುಟಿಯ ಅಕ್ಷರವೇ. ಹೆಣ್ಣಿನ ಪದಕ್ಕೇ ಎರಡೂ ಕಡೆ ಹೀಗಾಗಿದ್ದು ಬರೀ ಕಾಕತಾಳೀಯ, ಆದರೂ ನನಗೆ ಬಹಳ ಖುಷಿ ಕೊಡುತ್ತದೆ.

ಉ ಆಯಿತು ಸರಿ, ಬರೆದದ್ದು ಓ ಯಾಕೆ? ಅದು ಬರೆಯುವವರ ಕಷ್ಟ. ಆಗಿನ ಕೈಬರಹದಲ್ಲಿ ಯು, ಎಮ್, ಎನ್, ಡಬ್ಲ್ಯೂ ಎಲ್ಲವೂ ಬರೀ ನಿಂತ ಗೀಟು. ಸಾಲಾಗಿ ಬಂದರೆ ಬಿದಿರಿನ ಬೇಲಿ ನೋಡಿದ ಹಾಗೆ, ಯಾವ ಗೀಟು ಯಾವ ಅಕ್ಷರದ್ದು ಅಂತ ಎಣಿಸಬೇಕು. ಅದಕ್ಕೇ ನಡುವೆ ಯು ಬದಲು ದುಂಡಗೊಂದು ಓ ಇಟ್ಟರು. ಸನ್ (ಮಗ), ಲವ್, ಕಮ್ ಇವುಗಳಲ್ಲಿ ಓ ಇರೋದೂ ಹೀಗೇ.

ಉಚ್ಚಾರ ಬದಲಾದದ್ದು ಏಕವಚನದ ‘ವುಮನ್’ನಲ್ಲಿ ಮಾತ್ರ. ಬಹುವಚನದಲ್ಲಿ ಜನ ಹಳೇ ಇ ಬಿಡಲಿಲ್ಲ, ಬರೆಯುವಾಗ ಮಾತ್ರ ಓ ಹಾಕಿದರು. ಅಂದರೆ ‘ವಿಮೆನ್’ ಅನ್ನುವಾಗಲೆಲ್ಲ ನಾವು ಆ ಹಳೇ ವೀಫ್‌ಳನ್ನೇ ಕರೆಯುತ್ತಿದ್ದೇವೆ.

ಇಷ್ಟೆಲ್ಲ ಕೇಳಿ ಹುಡುಗಿ ಕೇಳಿದ್ದು ಒಂದೇ: “ಹಾಗಾದ್ರೆ ಐ ಹಾಕಿ ಬರೆದರೆ ಮಿಸ್ ರೈಟ್ ಕೊಡ್ತಾರಾ?”

ಕೊಡಲ್ಲ ಅಂದೆ. ನಿಟ್ಟುಸಿರು ಬಿಟ್ಟು ದುಂಡಗೆ ಒಂದು ಓ ಬರೆದಳು.